ಹುಸೇನಬಿ ಕೊಟ್ಟ ಮಾತು

ಅರ್ಧ ತಲೆಗೆ ಎಣ್ಣೆ ಹಚ್ಚಿಕೊಂಡು, ಇನ್ನರ್ಧ ಕೂದಲನ್ನು ಒಣಗಿದ ಹಾಗೆಯೇ ಬಿಟ್ಟುಕೊಂಡು ಓಣಿಯಲ್ಲಿ ದಡದಡ ನಡೆದು ಹೋಗುತ್ತಿದ್ದ ಹೆಂಗಸೊಬ್ಬಳನ್ನು ತಿಕೋಟಾದ ನಮ್ಮ ಮನೆಯ ಬಾಗಿಲ ಸಂದಿನಿಂದ ನೋಡಿ ನಾನು ನಕ್ಕಿದ್ದೆ. ಮದುವೆಯಾಗಿ ವಿಜಾಪುರದ ಜೋರಾಪುರ ಪೇಟೆಯಿಂದ ಆ ಊರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅತ್ತೆ ಗಂಗವ್ವ ನಗಲಿಲ್ಲ.

“ನಗಬ್ಯಾಡವಾ. ಆಕಿ ಹುಸೇನಬಿ, ಸೂಲಗಿತ್ತಿ. ಯಾರದೋ ಮನ್ಯಾಗ ಬ್ಯಾನಿ ಸುರು ಆಗೇತಿ. ಕರದ್ರ ಆಕಿ ತಲಿ ಹಿಕ್ಕೊಳ್ಳೂತನಾನೂ ಕೂಡಂಗಿಲ್ಲ” ಎಂದರು.

ಆಮೇಲೆ ನಾನೇ ಎಷ್ಟೋ ಸಲ ನೋಡಿದೆ. ರೊಟ್ಟಿ ಬಡಿಯುತ್ತಿದ್ದರೆ ಕೈಗೆ ಹಿಟ್ಟು ಮೆತ್ತಿಕೊಂಡೇ ಹೋಗುವಳು. ಉಣ್ಣುತ್ತಿದ್ದರೆ ಬಾಯಿಯ ತುತ್ತನ್ನು ದಾರಿಯಲ್ಲಿ ನುಂಗುವಳು. ಜಗಳವಾಡುತ್ತಿದ್ದರೆ, ಜಗಳ ಆಕೆಗೆ ಬಲು ಪ್ರೀತಿ, “ತಡಿ, ಬಂದು ಬೈತೇನಿ ನಿನ್ನ” ಎಂದು ಎದುರಿನವಳನ್ನು ಅಲ್ಲೇ ನಿಲ್ಲಿಸಿ ಹೋಗಿಬಿಡುವಳು. ಎತ್ತರದ, ಎಲುಬು ಕಾಣುವ ಮೈ. ಗಂಡ ಹತ್ತಿ ಹಿಂಜುವವನು, ಬಹಳ ಹಿಂದೆಯೇ ತೀರಿಕೊಂಡಿದ್ದ. ಆ ಒಣಗಿದ ಮೈಗೆ ಹೊಂದದ ಹಾಗೆ ಕೈಗಳು ಮಾತ್ರ ಮೆತ್ತಗಿದ್ದವು. ಸದಾ ಹರಳೆಣ್ಣೆಯ ವಾಸನೆ. ಹಡೆಯುವ ಹೆಂಗಸರು ನಾಚಿಕೊಂಡು ಹಲ್ಲು ಕಚ್ಚಿ ಬಿದ್ದಿದ್ದರೆ ಆಕೆಗೆ ಸಿಟ್ಟು ಬರುತ್ತಿತ್ತು. “ಒದರು ಬೇ, ಒದರು! ಬಬಲೇಶ್ವರದ ಮಂದಿಗೆ ಕೇಳಬೇಕು ಹಂಗ ಒದರು. ಮಾವ ಕೇಳತಾನಂತ ನಾಚಿಕಿ? ಮಾವ ಏನ್ ಮುಗಲಿಂದ ಉದರ್‍ಯಾನೇನು?” ಎಂದು ಬೈಯುವಳು. ಒಳಗೆ ಹಡೆಯುವವಳು ನೋವಿನಲ್ಲೇ ನಕ್ಕ ಸದ್ದು ಹೊರಗೆ ಕೂತವರಿಗೆ ಕೇಳಿಸುತ್ತಿತ್ತಂತೆ.

ನಮ್ಮ ಮನೆಗೆ ಅವಳು ಅತ್ತೆಯ ಮೊಣಕಾಲು ತಿಕ್ಕಲು ಬರುತ್ತಿದ್ದಳು. ನಾನು ಬಸುರಿಯೆಂದು ನನಗೇ ಖಾತ್ರಿಯಿಲ್ಲದಾಗ, ಹಿತ್ತಲಲ್ಲಿ ನಾನು ಕೊಡ ಎತ್ತುವುದನ್ನು ನೋಡಿ, “ಗಂಗವ್ವ, ನಿನ್ನ ಸೊಸಿ ಬಗ್ಗೂದು ಬದಲಾಗೇತಿ ನೋಡು. ಇನ್ನ ಆಕಿ ಕೈಯಾಗ ಕೊಡ ಕೊಡಬ್ಯಾಡ” ಎಂದವಳು ಅವಳೇ. ಅವತ್ತೇ ತಾನು ದೇವರಿಗೆ ಕೊಟ್ಟ ಮಾತಿನ ಸಂಗತಿಯನ್ನೂ ಹೇಳಿದಳು. ಒಬ್ಬಳೇ ಮಗಳು ಮಹಬೂಬಿ. ಎಳೆಯ ವಯಸ್ಸಿನಲ್ಲಿ ಅವಳಿಗೆ ಸಿಡುಬು ಬಂದು, ಕಣ್ಣು ಮುಚ್ಚಿ, ಹಾಲೂ ಇಳಿಯದಂತಾಗಿತ್ತಂತೆ. ಹುಸೇನಬಿ ಅಂಗಳದ ಮಣ್ಣಿನ ಮೇಲೆ ಮೊಣಕಾಲೂರಿ ದೇವರಿಗೆ ಹೇಳಿದಳಂತೆ: “ನನ್ನ ಕೂಸು ಬದುಕಿಸು. ಇನ್ನ ಮ್ಯಾಲೆ ಹಡಿಯೂ ಹೆಂಗಸಿನ ಮನಿಯಿಂದ ಯಾರ ಕರದ್ರೂ ಒಲ್ಲೆ ಅನ್ನಂಗಿಲ್ಲ. ಯಾವ ಜಾತಿ ಕೇಳಂಗಿಲ್ಲ, ಯಾವ ಮನಿ ಕೇಳಂಗಿಲ್ಲ, ಏನ್ ಕೊಡ್ತಿ ಅಂತ ಕೇಳಂಗಿಲ್ಲ.”

“ಬದುಕಿದಳು ನೋಡವಾ. ಮಾರಿ ಮ್ಯಾಲೆ ಕಲೆ ಉಳದಾವ, ಉಳೀಲಿ. ಕಾಖಂಡಕ್ಯಾಗ ಚಲೋ ಮನಿ ಸಿಕ್ಕೇತಿ” ಎಂದು ಅತ್ತೆಯ ಮೊಣಕಾಲನ್ನು ಇನ್ನಷ್ಟು ಜೋರಾಗಿ ತಿಕ್ಕಿದಳು.

ಆ ಮಹಬೂಬಿ ಚೊಚ್ಚಲ ಹೆರಿಗೆಗೆಂದು ಬೇಸಿಗೆಯ ಕೊನೆಗೆ ತವರಿಗೆ ಬಂದಳು. ನನ್ನ ವಾರಿಗೆಯವಳು. ತುಂಬಿದ ಹೊಟ್ಟೆ ಹೊತ್ತುಕೊಂಡು ತಾಯಿಯ ಜೊತೆ ನಮ್ಮ ಹಿತ್ತಲಿಗೆ ಬಂದು ಬೇವಿನ ನೆರಳಲ್ಲಿ ಕೂಡುವಳು. ಮುಖದ ಕಲೆಗಳನ್ನು ಮುಚ್ಚಿಕೊಳ್ಳಲು ಸೆರಗನ್ನು ಮುಂದೆ ಎಳೆದುಕೊಳ್ಳುವ ಚಟವಿತ್ತು. ತನ್ನ ಅತ್ತೆ ಮಾತಾಡುವುದನ್ನು ಅಣಕಿಸಿ ತೋರಿಸುವಾಗ ಮಾತ್ರ ಸೆರಗು ತಾನಾಗಿ ಹಿಂದೆ ಸರಿಯುತ್ತಿತ್ತು.

ಆ ದಿನಗಳಲ್ಲಿ ನನ್ನ ಮಾವ ಮಲ್ಲನಗೌಡರ ಮನಸ್ಸೆಲ್ಲ ಎತ್ತುಗಳ ಮೇಲಿತ್ತು. ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವುದು, ದಾರಿಗೆ ಅಡ್ಡ ಕಟ್ಟಿದ ಬೇವಿನ ತೋರಣವನ್ನು ಮೊದಲು ಮುಟ್ಟಿದ ಜೋಡಿ ಹರಿಯುವುದು, ನಮ್ಮ ಕಡೆಯ ದೊಡ್ಡ ಹಬ್ಬ. ಅವರ ಜೋಡಿ ಹಿಂದಿನ ವರ್ಷ ಹಿಂದೆ ಬಿದ್ದಿತ್ತು. ಈ ವರ್ಷ ಅವಕ್ಕೆ ಬೆಲ್ಲ, ಹಿಂಡಿ, ಹಸಿ ಹುಲ್ಲು ಎಲ್ಲ ತಮ್ಮ ಕೈಯಿಂದಲೇ ತಿನ್ನಿಸಿದ್ದರು. ಕೆಟ್ಟ ಮನುಷ್ಯರಲ್ಲ. ನನ್ನನ್ನು ಒಂದು ದಿನವೂ ಗದರಿದವರಲ್ಲ. ಇದನ್ನು ಹೇಳದಿದ್ದರೆ ಮುಂದಿನದು ಸರಿಯಾಗಿ ತಿಳಿಯುವುದಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ, ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುತ್ತಿದ್ದಾಗ ಹುಸೇನಬಿ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ಕೈಯಿಂದ ನೀರು ಇಳಿಯುತ್ತಿತ್ತು.

“ಗೌಡ್ರ, ಬಂಡಿ ಕೊಡ್ರಿ. ಮಹಬೂಬಿದು ನನ್ನ ಕೈಲೆ ಆಗವಲ್ದು. ವಿಜಾಪುರದ ದವಾಖಾನಿಗೆ ಒಯ್ಯಬೇಕು.”

“ಬಸ್ಸ ಇಲ್ಲೇನು?”

“ಮುಂಜಾನಿಂದ ಬಂದಿಲ್ಲರಿ.” ಅದು ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ.

ಮಾವ ಬಣ್ಣದ ಕುಂಚ ಹಿಡಿದೇ ಹೇಳಿದರು. “ನಾಳಿ ಕರಿ ಐತಿ ಹುಸೇನಬಿ. ಇವು ಈಗ ವಿಜಾಪುರ ಮುಟ್ಟಿ ಬಂದ್ರ ನಾಳಿಗೆ ಕಾಲ ಎತ್ತಂಗಿಲ್ಲ. ಬ್ಯಾರೆ ಯಾರದರ ಬಂಡಿ ನೋಡು. ಊರ ಮಂದಿನೆಲ್ಲ ಹಡಿಸಿದಾಕಿ ನೀ, ಸ್ವಂತ ಮಗಳಂತ ಗಾಬ್ರಿ ಆಗೀದಿ, ಅಷ್ಟ.”

ಹುಸೇನಬಿ ವಾದ ಮಾಡಲಿಲ್ಲ. ಎತ್ತುಗಳನ್ನು ಒಂದು ಸಲ ನೋಡಿದಳು, ತಿರುಗಿ ಹೋದಳು. ಅತ್ತೆ ಅಡಿಗೆಮನೆಯಿಂದ ಹೊರಗೆ ಬಂದು, “ಕೊಡಬೇಕಾಗಿತ್ತು” ಎಂದರು. ಮಾವ ಕೊಂಬಿನ ಕಡೆ ನೋಡುತ್ತಲೇ ಇದ್ದರು. ಕುಂಬಾರರ ಮನೆಯ ಮುದಿ ಎತ್ತಿನ ಬಂಡಿ ಸಿಕ್ಕಿತಂತೆ. ಅದು ಎಷ್ಟು ನಿಧಾನವಾಗಿ ನಡೆದಿರಬೇಕು. ದಾರಿಯಲ್ಲಿ, ದೂರದಲ್ಲಿ ಗುಮ್ಮಟ ಕಾಣಿಸುವ ಹೊತ್ತಿಗೆ, ಮಹಬೂಬಿ ತೀರಿಕೊಂಡಳು. ಕೂಸು ಹೊಟ್ಟೆಯಲ್ಲೇ ಹೋಯಿತು. ಬಂಡಿ ಅಲ್ಲಿಂದಲೇ ತಿರುಗಿ ಬಂತು.

ಮರುದಿನ ನಮ್ಮ ಎತ್ತುಗಳು ಎಲ್ಲರಿಗಿಂತ ಮುಂದೆ ಬಂದು ಕರಿ ಹರಿದವು. ಹಲಗೆ ಬಾರಿಸುತ್ತ, ಗುಲಾಲು ಎರಚುತ್ತ ಮಂದಿ ಬಾಗಿಲಿಗೆ ಬಂದರು. ಅತ್ತೆ ಎತ್ತುಗಳಿಗೆ ಆರತಿ ಎತ್ತಿದರು. ಅವರ ಮುಖದಲ್ಲಿ ಏನೂ ಇರಲಿಲ್ಲ. ನಾನು ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ನನಗೂ ಏನೂ ಅನಿಸಲಿಲ್ಲ. ಕಿವಿಯಲ್ಲಿ ಹತ್ತಿ ತುಂಬಿದ ಹಾಗೆ ಹಲಗೆಯ ಸದ್ದು ದೂರದಿಂದ ಬರುತ್ತಿತ್ತು.

ಹುಸೇನಬಿ ಇನ್ನು ಯಾರ ಮನೆಗೂ ಹೋಗುವುದಿಲ್ಲ ಎಂದು ಓಣಿಯ ಹೆಂಗಸರು ಮಾತಾಡಿಕೊಂಡರು. ಹೋಗದಿದ್ದರೂ ಯಾರೂ ಅವಳದು ತಪ್ಪೆನ್ನುತ್ತಿರಲಿಲ್ಲ. ಆದರೆ ಸೂತಕದ ದಿನಗಳು ಮುಗಿಯುವ ಮುಂಚೆಯೇ ಊರ ಹೊರಗಿನ ಕೇರಿಯಿಂದ ಒಬ್ಬ ಬಂದು ಅವಳ ಅಂಗಳದಾಚೆ ನಿಂತ. ಬಾಯಿ ತೆರೆಯಲು ಅವನಿಗೆ ಧೈರ್ಯವಾಗಲಿಲ್ಲ. ಹುಸೇನಬಿಯೇ ಅವನನ್ನು ನೋಡಿ ಎದ್ದಳಂತೆ. ಬಬಲೇಶ್ವರದಿಂದ ಬಂದಿದ್ದ ಅವಳ ಅಣ್ಣ ಬಾಗಿಲಿಗೆ ಅಡ್ಡ ನಿಂತ. ಇದನ್ನು ಅಲ್ಲಿ ಕೂತಿದ್ದ ನೆರೆಮನೆಯ ಕಾಶವ್ವ ನಮ್ಮ ಮನೆಗೆ ಬಂದು ಹೇಳಿದಳು.

“ಎಲ್ಲಿಗೆ ಹೊಂಟಿ? ಯಾರ ಸಲುವಾಗಿ ಮಾತು ಕೊಟ್ಟಿದ್ದಿ? ಆಕಿನ್ನ ದೇವರ ಕರಕೊಂಡಾನ. ಮುಗೀತಲ್ಲ ನಿಂದೂ ಅವಂದೂ!” ಎಂದನಂತೆ ಅಣ್ಣ.

ಹುಸೇನಬಿ ಎಣ್ಣೆಯ ಗಿಂಡಿ ಹುಡುಕುತ್ತಲೇ ಉತ್ತರ ಕೊಟ್ಟಳಂತೆ. “ಆವಾಗ ಬದುಕಿಸು ಅಂದೆ, ಬದುಕಿಸಿದ. ಸಾಯಂಗಿಲ್ಲ ಅಂತ ಅವ ಎಂದೂ ಅಂದಿಲ್ಲ.”

“ಹಂಗಂತ ಇವತ್ತ ಹೋಗಬೇಕೇನು?”

“ಇವತ್ತ ಕರದಾರ.”

ಅಣ್ಣ ದಾರಿ ಬಿಟ್ಟ. ಹೋದಳು, ಹಡೆಸಿದಳು, ಬಂದು ಮತ್ತೆ ಗೋಡೆಗೆ ಒರಗಿ ಕೂತಳು. ಆದರೆ ಅಂದಿನಿಂದ ಅವಳು ಯಾವ ಬಾಣಂತಿಯ ಕೋಣೆಯಲ್ಲೂ ಬೈಯಲಿಲ್ಲ. ಒದರು ಎನ್ನಲಿಲ್ಲ. ಜಗಳವನ್ನೂ ಬಿಟ್ಟಳು. ಕೆಲಸಕ್ಕೆ ಬೇಕಾದ ಮಾತು ಬಿಟ್ಟರೆ ಬಾಯಿ ತೆರೆಯಲಿಲ್ಲ. ನಮ್ಮ ಮನೆಯ ಮುಂದೆ ಹಾದು ಹೋಗುವಾಗ ಮುಖ ತಿರುಗಿಸುತ್ತಿರಲಿಲ್ಲ, ನೋಡುತ್ತಲೂ ಇರಲಿಲ್ಲ. ಅಲ್ಲಿ ಮನೆಯೇ ಇಲ್ಲ, ಬಯಲಿದೆ ಎಂಬಂತೆ ಹೋಗುತ್ತಿದ್ದಳು.

ನನಗೆ ತವರಿನಲ್ಲಿ ತಾಯಿಯಿಲ್ಲ. ಹೀಗಾಗಿ ಹೆರಿಗೆ ಅತ್ತೆಯ ಮನೆಯಲ್ಲೇ ಎಂದು ಗೊತ್ತಾಗಿತ್ತು. ಹುಸೇನಬಿಯನ್ನು ಕರೆಯುವ ಬಾಯಿ ಯಾರಿಗೂ ಇರಲಿಲ್ಲ. ಮಾವ ಬಬಲೇಶ್ವರದ ಸೂಲಗಿತ್ತಿಗೆ ಮುಂಚೆಯೇ ಹೇಳಿಟ್ಟಿದ್ದರು. ಜೋಳದ ಸುಗ್ಗಿಯ ಕಾಲ. ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ನನಗೆ ಬೇನೆ ಕಾಣಿಸಿತು. ನನ್ನ ಗಂಡ ವಿಜಾಪುರಕ್ಕೆ ಹೋಗಿದ್ದರು. ಬಬಲೇಶ್ವರದವಳು ಬಂದಳು, ಹೊಟ್ಟೆ ಮುಟ್ಟಿ ನೋಡಿದಳು, ಬಹಳ ಹೊತ್ತು ಒದ್ದಾಡಿದಳು. ಕೊನೆಗೆ ಹೊರಗೆ ಹೋಗಿ, “ಕೂಸು ಅಡ್ಡ ಬಿದ್ದೈತ್ರಿ. ನನ್ನಿಂದ ಆಗಂಗಿಲ್ಲ. ದವಾಖಾನಿಗೆ ಒಯ್ಯೂವಷ್ಟು ಹೊತ್ತೂ ಇಲ್ಲ. ಹುಸೇನಬಿನ್ನ ಕರಸ್ರಿ” ಎಂದದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು. ಆಮೇಲೆ ಕೊಟ್ಟಿಗೆಯಲ್ಲಿ ಎತ್ತಿನ ಕೊರಳ ಗೆಜ್ಜೆ ಮಾತ್ರ.

ಆಳನ್ನು ಕಳಿಸಲು ಮಾವ ಎದ್ದರಂತೆ. ಅತ್ತೆ ಬೇಡವೆಂದರು. ಹಗಲಲ್ಲಿ ಓಣಿಯೊಳಗೆ ಕಾಲಿಡದ ಗೌಡರ ಮನೆಯ ಹೆಂಗಸು, ಚಪ್ಪಲಿಯೂ ಇಲ್ಲದೆ ತಾವೇ ನಡೆದುಕೊಂಡು ಹೋದರು. ಹುಸೇನಬಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳಂತೆ. ಅತ್ತೆ ದಾರಿಯುದ್ದಕ್ಕೂ ಏನೇನೋ ಮಾತು ಕೂಡಿಸಿಕೊಂಡು ಹೋಗಿದ್ದರು, ಅಲ್ಲಿ ಒಂದೂ ಬರಲಿಲ್ಲ. “ಹುಸೇನಬಿ, ಕರಿಯಾಕ ಬಂದೇನಿ” ಎಂದಷ್ಟೇ ಅಂದರು. ಅವಳು ಮೊರದಲ್ಲಿದ್ದ ಜೋಳವನ್ನು ನೆಲಕ್ಕಿಟ್ಟು, “ನಡಿ” ಎಂದಳು.

ಬಾಗಿಲಲ್ಲಿ ಅವಳ ನೆರಳು ಬಿದ್ದಾಗ ನನಗೆ ನೋವಿಗಿಂತ ಹೆಚ್ಚು ಭಯವಾಯಿತು. ಈ ಕೈಯಲ್ಲಿ ಈಗ ನಾನೂ ನನ್ನ ಕೂಸೂ ಇದ್ದೇವೆ. ಇವಳು ಏನು ಮಾಡಿದರೂ, ಏನೂ ಮಾಡದಿದ್ದರೂ, ಕೇಳುವವರಿಲ್ಲ. ಅವಳು ಕೈ ತೊಳೆದು, ಎಣ್ಣೆ ಹಚ್ಚಿಕೊಂಡು, ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಕೈ ತಣ್ಣಗಿತ್ತು. ಮೆಲ್ಲಗೆ ಒತ್ತುತ್ತ, ಹುಡುಕುತ್ತ, ಕೂಸನ್ನು ಹೊರಳಿಸತೊಡಗಿದಳು. ನನ್ನ ಮುಖವನ್ನು ನೋಡಲಿಲ್ಲ.

ಆಗ ಕೊಟ್ಟಿಗೆಯಲ್ಲಿ ಎತ್ತುಗಳು ತಲೆ ಕೊಡವಿದವೋ ಏನೋ, ಗೆಜ್ಜೆ ಜೋರಾಗಿ ಝಲ್ಲೆಂದಿತು. ಹುಸೇನಬಿಯ ಕೈ ನಿಂತಿತು. ಎರಡೂ ಕೈ ತೆಗೆದಳು. ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

“ಹುಸೇನಬಿ?” ಎಂದರು ಅತ್ತೆ.

ನಾನು ತಲೆ ಹೊರಳಿಸಿ ನೋಡಿದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವಿರಲಿಲ್ಲ. ಬಾಗಿಲು ತೆರೆದಿಟ್ಟು ಬಿಟ್ಟುಹೋದ ಮನೆಯ ಹಾಗಿತ್ತು. ಎಣ್ಣೆ ಹಚ್ಚಿದ ಕೈಗಳು ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿದ್ದವು. ಅತ್ತೆ ಅವಳ ಕಾಲ ಹತ್ತಿರ ಕುಸಿದರು, ಆದರೆ ಮುಟ್ಟಲು ಧೈರ್ಯ ಸಾಲಲಿಲ್ಲ.

“ಹುಸೇನಬಿ, ನನ್ನ ಬಿಡಬ್ಯಾಡ” ಎಂದೆ ನಾನು. ದನಿ ಹೊರಬಂತೋ ಇಲ್ಲವೋ.

ಅವಳು ನನ್ನ ಜೊತೆ ಮಾತಾಡಲಿಲ್ಲ. ಮಾಡಿನ ಕಡೆ ನೋಡಿ, ಹತ್ತಿರ ಕೂತವರಿಗೆ ಹೇಳುವ ದನಿಯಲ್ಲಿ, “ನೋಡಾಕತ್ತೀಯಿಲ್ಲೋ? ಇಲ್ಲೇ ಅದೇನಿ ನಾ. ಈ ಮನ್ಯಾಗ ಅದೇನಿ” ಎಂದಳು. ಸ್ವಲ್ಪ ಹೊತ್ತು ತಡೆದಳು, ಯಾರೋ ಮರುಮಾತು ಹೇಳಬೇಕಿದೆ ಎಂಬಂತೆ. ಆಮೇಲೆ ಮುಂದಕ್ಕೆ ಬಂದು ಮತ್ತೆ ಕೈ ಇಟ್ಟಳು.

ಮುಂದಿನದು ನನಗೆ ತುಣುಕು ತುಣುಕಾಗಿ ನೆನಪಿದೆ. ಕೂಸು ಹೊರಳಿತು, ಕಾಲು ಮುಂದಾಗಿ ಬಂತು. ಅಳಲಿಲ್ಲ. ಹುಸೇನಬಿ ಅದನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟಿದಳು, ಬಾಯಿಯಲ್ಲಿ ಬೆರಳು ಹಾಕಿ ತೆಗೆದಳು, ಅದರ ಬಾಯಿಗೆ ತನ್ನ ಬಾಯಿಯಿಟ್ಟು ಉಸಿರು ಊದಿದಳು. ಮತ್ತೆ ತಟ್ಟಿದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ಅವಳು ಬಿಡಲೇ ಇಲ್ಲ, ಊದುತ್ತಲೇ ಇದ್ದಳು. ಕೊನೆಗೆ ಬೆಕ್ಕಿನ ಮರಿಯಂಥ ಒಂದು ಸದ್ದು ಬಂತು. ಆಮೇಲೆ ಅಳು. “ಹೆಣ್ಣು” ಎಂದಳು, ಸುತ್ತಿ ಅತ್ತೆಯ ಕೈಗಿಟ್ಟಳು, ನನ್ನ ಉಳಿದ ಕೆಲಸಕ್ಕೆ ತಿರುಗಿದಳು.

ಹೊರಡುವಾಗ ಪಡಸಾಲೆಯಲ್ಲಿ ಮಾವ ಸೀರೆ ಖಣ ಇಟ್ಟ ತಟ್ಟೆ ಹಿಡಿದು ನಿಂತಿದ್ದರು. ಅಂಥ ದೊಡ್ಡ ಮೈ, ಅವತ್ತು ಬಾಗಿತ್ತು.

“ಹುಸೇನಬಿ, ನನ್ನಿಂದ ತಪ್ಪಾಗೇತಿ. ಮಾಫಿ ಮಾಡು.”

“ಮಾಫಿ ನನ್ನ ಕಡೆ ಇಲ್ರಿ ಗೌಡ್ರ. ಹುಡುಕಿ ನೋಡೇನಿ, ಇಲ್ಲ.” ಅವಳ ದನಿ ಏರಲಿಲ್ಲ. “ನಿಮ್ಮ ಸಲುವಾಗಿ ಬಂದಿಲ್ಲ ನಾ. ಕರದ್ರ ಬರ್ತೀನಿ ಅಂತ ಅವಗ ಅಂದಿದ್ದೆ. ಬಂದೇನಿ.”

ತಟ್ಟೆಯ ಪಕ್ಕದಿಂದ ಹಾದು ಹೋದಳು.

ಆಮೇಲೆ ಪದ್ಧತಿಯಂತೆ ಬಾಣಂತಿಗೂ ಕೂಸಿಗೂ ಎರೆಯಲು ದಿನಾ ಬೆಳಿಗ್ಗೆ ಬಂದಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಹೊಗೆ ಹಾಕಿ, ಸುತ್ತಿ ಕೊಡುವಳು. ಒಂದು ಕೆಲಸವನ್ನೂ ಅರೆಬರೆ ಮಾಡಲಿಲ್ಲ. ಆದರೆ ನಮ್ಮ ಮನೆಯ ನೀರು ಕುಡಿಯಲಿಲ್ಲ. ಕೂಸಿನ ಹೆಸರು ಕೇಳಲಿಲ್ಲ. ಒಂದು ದಿನ ಕೂಸು ಅವಳ ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಅವಳು ಒಂದೊಂದೇ ಪುಟ್ಟ ಬೆರಳನ್ನು ಬಿಡಿಸಿ ಅದರ ಕೈಯನ್ನು ಬಟ್ಟೆಯೊಳಗೆ ಸೇರಿಸಿದಳು. ಒರಟಾಗಿ ಅಲ್ಲ, ಪ್ರೀತಿಯಿಂದಲೂ ಅಲ್ಲ. ಅವಳು ಬೈದಿದ್ದರೆ, ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಹೀಗೆ ಬದುಕಿಸಿಕೊಂಡವಳು ಏನು ಹೇಳಬೇಕು, ಯಾರಿಗೆ ಹೇಳಬೇಕು ಎಂದು ತಿಳಿಯದೆ ನಾನೂ ಸುಮ್ಮನೆ ಮೈ ಕೊಟ್ಟು ಕೂಡುತ್ತಿದ್ದೆ. ಬಿಸಿನೀರಿನ ಬಿಸಿಯೂ ತಿಳಿಯುತ್ತಿರಲಿಲ್ಲ.

ಮುಂದಿನ ಕಾರಹುಣ್ಣಿಮೆಗೆ ಮಾವ ಎತ್ತು ಓಡಿಸಲಿಲ್ಲ. ಅದರ ಮುಂದಿನ ವರ್ಷ ಓಡಿಸಿದರು. ಊರು ಎಂದಿನಂತೆಯೇ ಇತ್ತು.

ಯುದ್ಧ ಮುಗಿದು, ಸ್ವರಾಜ್ಯ ಬಂದ ಮೇಲೆ ನನ್ನ ಗಂಡ ವಿಜಾಪುರದಲ್ಲಿ ಕಿರಾಣಿ ಅಂಗಡಿ ಹಾಕಿದರು. ಊರು ಬಿಡುವ ಹಿಂದಿನ ದಿನ ಸಂಜೆ, ಬೆಳಕಿರುವಾಗಲೇ, ನಾನೊಬ್ಬಳೇ ಹುಸೇನಬಿಯ ಮನೆಗೆ ಹೋದೆ. ಇಷ್ಟು ವರ್ಷಗಳಲ್ಲಿ ಆ ಹೊಸ್ತಿಲು ಮೆಟ್ಟಿರಲಿಲ್ಲ. ಮುದುಕಿಯಾಗಿದ್ದಳು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಚಾಪೆ ಹಾಸಿ, “ಕೂಡು” ಎಂದಳು. ಏನೇನೋ ಕೇಳಬೇಕೆಂದು ಹೋದವಳು ನೇರ ಅದನ್ನೇ ಕೇಳಿದೆ.

“ಅವತ್ತ ಕೈ ತಗದು ಕುಂತಿದ್ದಿ. ಏನ್ ಮಾಡಬೇಕಂದಿದ್ದಿ?”

ಅವಳು ಬಹಳ ಯೋಚಿಸಲಿಲ್ಲ. “ಎದ್ದು ಹೋಗಬೇಕಂದಿದ್ದೆ. ಹೋಗಿದ್ರ ಯಾರೂ ಏನೂ ಅಂತಿದ್ದಿಲ್ಲ. ನನ್ನ ಕೈಲೆ ಆಗಲಿಲ್ಲ ಅಂದ್ರ ಮುಗೀತಿತ್ತು.”

“ಮಹಬೂಬಿ ನೆನಪಾದಳೇನು? ಅದಕ್ಕ ನನ್ನ ಉಳಿಸಿದೇನು?”

“ಇಲ್ಲ. ಯಾರೂ ನೆನಪಾಗಲಿಲ್ಲ. ನಿನ್ನ ಮ್ಯಾಲೆ ಮರುಕಾನೂ ಬರಲಿಲ್ಲವಾ, ಸುಳ್ಳ್ಯಾಕ ಹೇಳಲಿ. ಒಳಗ ಏನೇನೂ ಇದ್ದಿಲ್ಲ. ಮಾತೊಂದ ಇತ್ತು. ಅದನ್ನ ಹಿಡಕೊಂಡೆ.”

ಹೊರಗೆ ಮೇಕೆಗಳು ಮನೆಗೆ ಬರುವ ಸದ್ದು. ನಾನು, “ಈಗ ದೇವರಿಗೆ ಏನ್ ಬೇಡಕೋತಿ?” ಎಂದೆ.

“ಏನೂ ಬೇಡಂಗಿಲ್ಲ. ನಮಾಜ ಮಾಡತೇನಿ, ಕೈ ಎತ್ತತೇನಿ, ಖಾಲಿ ಕೈ ಇಳಸತೇನಿ. ಏನರ ಬೇಡಿದ್ರ ಮತ್ತೊಂದು ಮಾತು ಕೊಡಬೇಕಾಗತೈತಿ.” ಕಣ್ಣಿನ ನೀರನ್ನು ಸೆರಗಿನಿಂದ ಒರೆಸಿಕೊಂಡಳು. ಅದು ಪೊರೆ ಬಂದ ಕಣ್ಣಿನಿಂದ ಸದಾ ಸುರಿಯುವ ನೀರು, ಅಳುವಲ್ಲ. “ಇದೊಂದ ಸಾಕಾಗೇತಿ ನನಗ.”

ನನ್ನ ಮಗಳ ಹೆಸರು ನೀಲವ್ವ ಎಂದು ನಾನಾಗಿಯೇ ಹೇಳಿದೆ. ಅವಳು “ಹೂಂ” ಎಂದಳು. ಕಾಲು ಮುಟ್ಟಲು ಬಗ್ಗಿದಾಗ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

ಮರುವರ್ಷದ ಬೇಸಿಗೆಯಲ್ಲಿ ಅತ್ತೆ ವಿಜಾಪುರಕ್ಕೆ ಬಂದಾಗ ಅವಳು ಸತ್ತ ಸುದ್ದಿ ತಂದರು. ಜ್ವರವಿತ್ತಂತೆ. ಹೊದ್ದುಕೊಂಡು ಮಲಗಿದವಳು ಹಾಗೆಯೇ ಹೋಗಿದ್ದಳು. ಹಾಲು ಹಾಕಲು ಬಂದ ಹುಡುಗಿ ನೋಡಿದಳಂತೆ.

“ಬಾಜೂ ಮನ್ಯಾಗ ಮಂದಿ ಇದ್ರವಾ. ಒಂದ ದನಿ ಹಾಕಿದ್ರ ಸಾಕಿತ್ತು. ಯಾರನ್ನೂ ಕರೀಲಿಲ್ಲ ಆಕಿ” ಎಂದರು ಅತ್ತೆ.

ನಾನು ಮಗಳ ತಲೆ ಬಾಚುತ್ತಿದ್ದೆ. ಅಳು ಬರುತ್ತದೆ ಎಂದು ಕಾದೆ, ಬರಲಿಲ್ಲ. ಹೆರಳು ಹಾಕಿ ಮುಗಿಸಿ, ರಿಬ್ಬನ್ನು ಕಟ್ಟಿ, ಮಗಳನ್ನು ಶಾಲೆಗೆ ಕಳಿಸಿ ಬಂದು ಕೇಳಿದೆ.

“ನೀವು ನೋಡಾಕ ಹೋಗಿದ್ರೇನು?”

“ಹೋಗಿದ್ದೆ.”

“ಮಾರಿ ಹೆಂಗಿತ್ತು?”

ಅತ್ತೆ ಸ್ವಲ್ಪ ಹೊತ್ತು ತಮ್ಮ ಮೊಣಕಾಲನ್ನು ತಾವೇ ಒತ್ತಿಕೊಂಡರು.

“ದಣಿದಂಗಿತ್ತವಾ” ಎಂದರು. “ಮತ್ತೇನೂ ಇದ್ದಿಲ್ಲ.”